ಪಟ್ಟೆ ಒಂದು, ವಂಶವಾಹಿ ಹಲವು

ಮಗುವಿನ ರಕ್ತಹೀನತೆ ಕಬ್ಬಿಣದ ಔಷಧಕ್ಕೆ ಜಗ್ಗದೆ ಉಳಿದಾಗ ಹರಿಹರದ ವೈದ್ಯರು ದಾವಣಗೆರೆಗೆ ಹೋಗಿ ಬನ್ನಿರೆನ್ನುವುದೂ, ಅಲ್ಲಿಂದ ‘ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್’ ಎಂಬ ತಲೆಬರಹದ ವರದಿಯೊಂದು ಮನೆಯವರ ಕೈಸೇರುವುದೂ ಅಪರೂಪದ ಸಂಗತಿಯೇನಲ್ಲ. ಆ ವರದಿಯಲ್ಲಿ ಎ, ಎಫ್, ಎಸ್ ಎಂಬ ಅಕ್ಷರಗಳನ್ನು ಕಂಡವರು, ಪರೀಕ್ಷೆಯು ವಂಶವಾಹಿಯನ್ನೇ ಓದಿ ಬಂದಿದೆಯೆಂದು ಭಾವಿಸುತ್ತಾರೆ. ಹಾಗೆ ಭಾವಿಸುವವರು ಮನೆಯವರು ಮಾತ್ರವೇ ಆಗಿದ್ದರೆ ಇಷ್ಟು ಬರೆಯುವ ಪ್ರಮೇಯವಿರಲಿಲ್ಲ. ಪಟ್ಟೆ ಒಂದಾದರೆ ವಂಶವಾಹಿಯೂ ಒಂದೇ ಎಂಬ ಎಣಿಕೆ ಜೀವಶಾಸ್ತ್ರವನ್ನು ಓದಿದವರಲ್ಲಿಯೂ ಉಂಟು.

ಪರೀಕ್ಷೆಯಲ್ಲಿ ನಡೆಯುವುದನ್ನು ಕಣ್ಣಾರೆ ಕಂಡರೆ ಈ ಭ್ರಮೆ ಅರ್ಧ ಹರಿಯುತ್ತದೆ. ಕೆಂಪು ರಕ್ತಕಣಗಳನ್ನು ಒಡೆದು ತೆಗೆದ ದ್ರವವನ್ನು, ಸುಮಾರು 8.6 ಪಿಎಚ್‌ನ ಕ್ಷಾರೀಯ ದ್ರಾವಣದಲ್ಲಿ ನೆನೆಸಿದ ಸೆಲ್ಯುಲೋಸ್ ಅಸಿಟೇಟಿನ ತೆಳುಹಾಳೆಯ ಒಂದು ಅಂಚಿನ ಬಳಿ ಗೆರೆಯಾಗಿ ಸವರಿ, ಎರಡು ತುದಿಗಳ ನಡುವೆ ವಿದ್ಯುತ್ತನ್ನು ಹಾಯಿಸಿದರೆ, ಋಣಾವೇಶವನ್ನು ತಳೆದ ಹಿಮೋಗ್ಲೋಬಿನ್ ಧನಾಗ್ರದ ಕಡೆಗೆ ಸರಿಯತೊಡಗುತ್ತದೆ. ಋಣಾವೇಶ ಹೆಚ್ಚಿದ್ದುದು ಮುಂದೆ, ಕಡಿಮೆಯಿದ್ದುದು ಹಿಂದೆ. ಬಳಿಕ ಪಾನ್ಸೋ ಎಂಬ ಕೆಂಪು ಬಣ್ಣದಲ್ಲಿ ಅದ್ದಿ ತೊಳೆದಾಗ, ಸಾಧಾರಣವಾದ ಎ ರೂಪದ ದಪ್ಪ ಪಟ್ಟೆ ಮುಂದುಗಡೆಯೂ, ಎಸ್ ಅದರ ಹಿಂದೆಯೂ, ಸಿ ಮತ್ತು ಇ ರೂಪಗಳು ಇನ್ನೂ ಹಿಂದೆ ಎ2 ನಿಲ್ಲುವ ಸ್ಥಳದಲ್ಲಿಯೂ ಮೂಡುತ್ತವೆ. ಹಾಳೆಗೆ ಗೊತ್ತಿರುವುದು ಮುಖ್ಯವಾಗಿ ಆವೇಶ; ದಾವಣಗೆರೆಯ ಮಂಡಕ್ಕಿ ಭಟ್ಟಿಯ ಜರಡಿ ಗಾತ್ರವನ್ನಷ್ಟೇ ಬಲ್ಲುದಾಗಿ, ಅಕ್ಕಿ ಯಾವ ಹೊಲದ್ದೆಂದು ಹೇಳಲಾರದಷ್ಟೆ.

ಕುಡುಗೋಲುಕಣ ರೋಗದ ಎಸ್ ರೂಪದಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್ ಬಂದಿರುತ್ತದೆ. ಪಂಜಾಬಿನ ಹೆಸರನ್ನು ಹೊತ್ತ ಡಿ ರೂಪದಲ್ಲಿ 121ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲ ಗ್ಲುಟಾಮೀನ್ ಆಗಿರುತ್ತದೆ. ಉತ್ಪರಿವರ್ತನೆಗಳು ಎರಡು, ಸ್ಥಾನಗಳು ಎರಡು. ಆದರೆ ಕಳೆದುಹೋದದ್ದು ಎರಡರಲ್ಲಿಯೂ ಒಂದೇ ಋಣಾವೇಶವಾದ್ದರಿಂದ ಕ್ಷಾರೀಯ ಹಾಳೆಯ ಮೇಲೆ ಎರಡೂ ಒಂದೇ ಪಟ್ಟೆಯಲ್ಲಿ ನಿಲ್ಲುತ್ತವೆ. ಸುಮಾರು 6.2 ಪಿಎಚ್‌ನ ಆಮ್ಲೀಯ ಸಿಟ್ರೇಟ್ ಅಗಾರಿನ ಮೇಲೆ ಓಡಿಸಿದಾಗ ಡಿ ರೂಪವು ಎ ರೂಪವನ್ನು ಕೂಡಿಕೊಂಡು, ಎಸ್ ಪ್ರತ್ಯೇಕವಾಗಿ ಉಳಿಯುತ್ತದೆ. ಈ ಭೇದ ಬರಿಯ ಪಾಂಡಿತ್ಯದ್ದಲ್ಲ. ತಂದೆತಾಯಿಗಳಿಬ್ಬರಿಂದಲೂ ಎಸ್ ಪಡೆದ ಮಗುವಿನ ಬಾಳು ನೋವಿನದು. ಇಬ್ಬರಿಂದಲೂ ಡಿ ಪಡೆದ ಮಗು ಬಹುಮಟ್ಟಿಗೆ ಆರೋಗ್ಯವಾಗಿಯೇ ಬೆಳೆಯಬಹುದು. ಒಂದು ಎಸ್, ಒಂದು ಡಿ ಸೇರಿದರೆ ಮತ್ತೆ ತೀವ್ರವಾದ ರೋಗ. ಕಿರ್ಲೋಸ್ಕರ್ ಮತ್ತು ಪಾಲಿಫೈಬರ್ಸ್ ಕಾರ್ಖಾನೆಗಳ ದೆಸೆಯಿಂದ ದೂರದೂರದವರು ಬಂದು ನೆಲೆಸಿದ ಹರಿಹರದಂತಹ ಊರಿನಲ್ಲಿ, ಒಂದೇ ಹಾಳೆಯನ್ನು ನೋಡಿ ತೀರ್ಪು ಕೊಡುವುದು ದುಡುಕೆಂದೇ ನನ್ನ ಅಭಿಪ್ರಾಯ.

ರೋಗವೊಂದರ ಮೂಲ ಅಣುವಿನಲ್ಲಿಯೇ ಇದೆಯೆಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದ್ದು ಎಲೆಕ್ಟ್ರೋಫೊರೆಸಿಸ್‌ನಿಂದಲೇ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬವರು ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡುಗೋಲುಕಣದ ಲಕ್ಷಣವನ್ನು ಗುರುತಿಸಿದರು. 1966ರಲ್ಲಿ ಲೆವೊಂಟಿನ್ ಮತ್ತು ಹಬ್ಬಿ ಹಣ್ಣಿನ ನೊಣದಲ್ಲಿಯೂ, ಹ್ಯಾರಿಸ್ ಮನುಷ್ಯನಲ್ಲಿಯೂ ಪ್ರೋಟೀನುಗಳ ಪಟ್ಟೆಗಳನ್ನು ಎಣಿಸಿದಾಗ, ವೈವಿಧ್ಯವೆಂಬುದು ವ್ಯಾಧಿಗ್ರಸ್ತರ ವಿಶೇಷವಲ್ಲ, ಆರೋಗ್ಯವಂತರ ಸಾಮಾನ್ಯ ಸ್ಥಿತಿ ಎಂಬುದು ತಿಳಿದುಬಂದಿತು. ಉತ್ಪರಿವರ್ತನೆಯೆಂದರೆ ರೋಗವೇ ಎಂಬ ಇನ್ನೊಂದು ನಂಬಿಕೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಎಣಿಕೆಯಾದ ಮೇಲೆ ಗಣಿತಜ್ಞರ ಸರದಿ. ಪ್ರತಿಯೊಂದು ಉತ್ಪರಿವರ್ತನೆಯೂ ಹಿಂದೆಂದೂ ಇರದಿದ್ದ ಹೊಸ ರೂಪವನ್ನೇ ಹುಟ್ಟಿಸುತ್ತದೆಯೆಂಬುದು ಕಿಮುರಾ ಮತ್ತು ಕ್ರೋ 1964ರಲ್ಲಿ ಮಂಡಿಸಿದ ಮಾದರಿ. ಹಾಳೆಗೆ ಕಾಣುವುದು ಆವೇಶವಾದ್ದರಿಂದ ಉತ್ಪರಿವರ್ತನೆಯು ಪಟ್ಟೆಯನ್ನು ಒಂದು ಮೆಟ್ಟಿಲು ಮುಂದಕ್ಕೋ ಹಿಂದಕ್ಕೋ ಸರಿಸುತ್ತದೆಯೆಂದೂ, ಹೀಗಾಗಿ ಹಳೆಯ ಮೆಟ್ಟಿಲಿಗೆ ಹೊಸಬರು ಬಂದು ಸೇರುತ್ತಿರುತ್ತಾರೆಂದೂ ಹೇಳುವುದು ಓಹ್ತಾ ಮತ್ತು ಕಿಮುರಾ 1973ರಲ್ಲಿ ಮುಂದಿಟ್ಟ ಮೆಟ್ಟಿಲು ಮಾದರಿ. ಇವುಗಳ ಅಂತರ ಅಲ್ಪವಲ್ಲ. ನಿಸರ್ಗದ ಆಯ್ಕೆ ಕೈಹಾಕದೆ ಇದ್ದು, ಸಂತಾನವಂತರ ಸಂಖ್ಯೆಯನ್ನು ಉತ್ಪರಿವರ್ತನೆಯ ದರದಿಂದ ಗುಣಿಸಿ ನಾಲ್ಕುಪಟ್ಟು ಮಾಡಿದಾಗ 12 ಬಂದಿತೆಂದರೆ, ಸರಿಸಮ ಪ್ರಮಾಣದ ಲೆಕ್ಕದಲ್ಲಿ ಮೊದಲ ಮಾದರಿ 13 ರೂಪಗಳನ್ನೂ ಎರಡನೆಯದು ಕೇವಲ 5 ರೂಪಗಳನ್ನೂ ನಿರೀಕ್ಷಿಸುತ್ತದೆ.

ಹಾಳೆಯ ಮೇಲಿನ ಪಟ್ಟೆಗಳು ಇವುಗಳಲ್ಲೊಂದನ್ನು ಗೆಲ್ಲಿಸಿಬಿಟ್ಟವೆಂಬ ಮಾತು ಕಿವಿಗೆ ಬೀಳುವುದುಂಟು. ನಡೆದದ್ದು ಬೇರೆ. 1976ರಲ್ಲಿ ರಾಮ ಸಿಂಗ್, ಲೆವೊಂಟಿನ್ ಮತ್ತು ಫೆಲ್ಟನ್ ಹಣ್ಣಿನ ನೊಣದ ಕ್ಸಾಂಥೀನ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಬೇರೆ ಬೇರೆ ಸ್ಥಿತಿಗಳಲ್ಲಿ ಒಂದಾದ ಮೇಲೊಂದರಂತೆ ಪರೀಕ್ಷಿಸಿದಾಗ, ಒಂದೇ ಸ್ಥಿತಿಯಲ್ಲಿ 6 ಎಂದು ಕಂಡ ರೂಪಗಳು 37 ಆದವು. 1979ರಲ್ಲಿ ರಾಮ್‌ಶಾ, ಕಾಯ್ನ್ ಮತ್ತು ಲೆವೊಂಟಿನ್ ರಚನೆ ಮೊದಲೇ ತಿಳಿದಿದ್ದ ಮಾನವ ಹಿಮೋಗ್ಲೋಬಿನ್ ರೂಪಗಳನ್ನೇ ಒರೆಗೆ ಹಚ್ಚಿ ನೋಡಲಾಗಿ, ಆವೇಶದ ಬದಲಾವಣೆ ಸಮವಾಗಿದ್ದರೂ ಅದು ಅಣುವಿನ ಯಾವ ಮಡಿಕೆಯಲ್ಲಿ ಆಗಿದೆಯೆಂಬುದರ ಮೇಲೆ ಓಟ ಭಿನ್ನವಾಗುವುದು ಕಂಡಿತು. ಮೆಟ್ಟಿಲುಗಳು ಎಣಿಸಿದಷ್ಟು ಸಮವಾಗಿರಲಿಲ್ಲ.

ನಮ್ಮ ದೇಶದ ಈಶಾನ್ಯದಲ್ಲಿ ಹೇರಳವಾಗಿರುವ ಇ ರೂಪವೇ ಮಾದರಿಗೆ ಇನ್ನೊಂದು ತೊಡಕು. ಅದರಲ್ಲಿ 26ನೆಯ ಸ್ಥಾನದ ಗ್ಲುಟಾಮಿಕ್ ಆಮ್ಲ ಲೈಸೀನ್ ಆಗಿದೆ. ಡಿಎನ್‌ಎಯಲ್ಲಿ ಬದಲಾದದ್ದು ಒಂದೇ ಅಕ್ಷರ, ಆದರೆ ಋಣ ಹೋಗಿ ಧನ ಬಂದುದರಿಂದ ಪಟ್ಟೆ ಎರಡು ಮೆಟ್ಟಿಲು ಹಿಂದಕ್ಕೆ ಜಿಗಿಯುತ್ತದೆ. ಆವೇಶವನ್ನು ಮುಟ್ಟದ ಬದಲಾವಣೆಗಳೂ, ಅಮೈನೋ ಆಮ್ಲವನ್ನೇ ಬದಲಿಸದ ಉತ್ಪರಿವರ್ತನೆಗಳೂ ಇದಕ್ಕೆ ತದ್ವಿರುದ್ಧ. ಮೊದಲಿನವುಗಳಲ್ಲಿ ಅನೇಕವು ಒಂದೇ ಹಾಳೆಯ ಮೇಲೆ ಕಾಣವು, ಎರಡನೆಯವು ಎಷ್ಟು ಹಾಳೆಗಳನ್ನು ಓಡಿಸಿದರೂ ಕಾಣವು.

ಇಷ್ಟರಿಂದ ಮೆಟ್ಟಿಲು ಮಾದರಿ ಮೂಲೆಗುಂಪಾಯಿತೆಂದು ತಿಳಿದರೆ ಅದೂ ತಪ್ಪು. ಡಿಎನ್‌ಎಯಲ್ಲಿ ಎರಡು ಮೂರು ಅಕ್ಷರಗಳ ತುಣುಕು ಒಂದರ ಹಿಂದೊಂದು ಮರುಕಳಿಸುವ ತಾಣಗಳಲ್ಲಿ, ನಕಲಾಗುವಾಗ ಒಂದು ತುಣುಕು ಹೆಚ್ಚುವುದೋ ಕಡಿಮೆಯಾಗುವುದೋ ಉಂಟಷ್ಟೆ. 1990ರ ದಶಕದಲ್ಲಿ ಓಹ್ತಾ ಮತ್ತು ಕಿಮುರಾ ಅವರ ಸಮೀಕರಣಗಳನ್ನು ವಿಜ್ಞಾನಿಗಳು ಹೊರತೆಗೆದದ್ದು ಆ ತಾಣಗಳ ಲೆಕ್ಕಕ್ಕಾಗಿಯೇ.