ಪಾಗೊ, ಪಗೋ: ಬಿಲ್ ಕೊಟ್ಟಿದ್ದು ಯಾರು?

ಆ್ಯಪ್‌ನಲ್ಲಿ ಸ್ಪ್ಯಾನಿಷ್ ಕಲೀತಿರೋರಿಗೆ ಇವತ್ತಿನ ವಿಷಯ. ‘ಪಾಗೊ’ ಅಂದ್ರೆ ‘ನಾನು ದುಡ್ಡು ಕೊಡ್ತೀನಿ’. ‘ಪಗೋ’ ಅಂದ್ರೆ ‘ಅವನು ಅಥವಾ ಅವಳು ಕೊಟ್ಟಾಯ್ತು’. ಅಕ್ಷರಗಳು ಅವೇ ನಾಲ್ಕು. ಹೋಟೆಲ್‌ನಲ್ಲಿ ಬಿಲ್ ಬಂದಾಗ ಇದು ಸಣ್ಣ ವ್ಯತ್ಯಾಸ ಅಲ್ಲ!

ಕನ್ನಡದಲ್ಲಿ ‘ಕೊಟ್ಟೆ’ ಅಂದ್ರೆ ಸಾಕು, ‘ನಾನು’ ಬೇಕಿಲ್ಲ. ಸ್ಪ್ಯಾನಿಷ್‌ನಲ್ಲೂ ಹಾಗೇ, ಯಾರು, ಯಾವಾಗ ಅನ್ನೋದನ್ನು ಕ್ರಿಯಾಪದದ ಕೊನೆಯೇ ಹೇಳುತ್ತೆ. ಆದರೆ ಇಲ್ಲಿ ಎರಡರ ಕೊನೆಯೂ ಒಂದೇ. ಹಾಗಾಗಿ ದನಿಯ ಒತ್ತು ಎಲ್ಲಿ ಬೀಳುತ್ತೆ ಅನ್ನೋದರಿಂದ ಅರ್ಥ ತೀರ್ಮಾನ ಆಗುತ್ತೆ. ನಮ್ಮ ‘ಬಳೆ’, ‘ಬಾಳೆ’ ಬೇರೆಯಾಗೋದು ಸ್ವರದ ಉದ್ದದಿಂದ, ಅವರಿಗೆ ಒತ್ತಿನಿಂದ. ಒತ್ತು ತೋರಿಸೋ ಗುರುತು ಕನ್ನಡ ಲಿಪಿಯಲ್ಲಿಲ್ಲ, ಅದಕ್ಕೆ ಇಲ್ಲಿ ದೀರ್ಘ ಹಾಕಿದ್ದೀವಿ. ನೀವು ತುಂಬಾ ಎಳೀಬೇಡಿ, ಆ ಭಾಗವನ್ನು ಗಟ್ಟಿಯಾಗಿ ಹೇಳಿ.

ರೂಲ್ ಸಿಂಪಲ್. ಪದವನ್ನು ಉಚ್ಚಾರದ ತುಂಡುಗಳಾಗಿ ಒಡೆದು ಕೊನೆಯಿಂದ ಎಣಿಸಿ. ಪದ ಸ್ವರ, ‘ಎನ್’ ಅಥವಾ ‘ಎಸ್’ನಲ್ಲಿ ಮುಗಿದರೆ ಒತ್ತು ಕೊನೆಯಿಂದ ಎರಡನೇ ತುಂಡಿಗೆ: ಪಾ-ಗೊ, ಪಾ-ಗನ್ (ಅವರು ಕೊಡ್ತಾರೆ). ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ತುಂಡಿಗೆ: ಪ-ಗಾರ್ (ಕೊಡುವುದು). ಈ ರೂಲ್ ಮುರಿದಾಗ ಸ್ವರದ ಮೇಲೆ ಸಣ್ಣ ಓರೆಗೆರೆ ಬರುತ್ತೆ. ಅದೇ ‘ತಿಲ್ದೆ’. ‘ಪಗೋ’ದ ಕೊನೆಯ ‘ಓ’ ಮೇಲೆ ಅದು ಇರೋದು ಇದಕ್ಕೇ.

ತುಂಡು ಮಾಡೋದು ಹೇಗೆ? ಸ್ವರಗಳ ನಡುವೆ ಎರಡು ವ್ಯಂಜನ ಬಂದರೆ ಸಾಮಾನ್ಯವಾಗಿ ಅವನ್ನು ಬಿಡಿಸಬೇಕು: ಕಾನ್-ತೊ (ಹಾಡ್ತೀನಿ). ‘ಬ್ಲ’, ‘ಪ್ರ’ ಥರದ ಜೋಡಿ ಮಾತ್ರ ಒಡೆಯಲ್ಲ: ಆ-ಬ್ಲೊ (ಮಾತಾಡ್ತೀನಿ).

ಸ್ವರಗಳೇ ಅಕ್ಕಪಕ್ಕ ಬಂದಾಗ ಮಜಾ ಶುರು. ‘ಎಂ-ಬೀ-ಒ’ ಅಂದ್ರೆ ‘ಕಳಿಸ್ತೀನಿ’: ಮೂರು ತುಂಡು, ತಿಲ್ದೆ ‘ಐ’ ಅಕ್ಷರದ ಮೇಲೆ. ‘ಎಂ-ಬ್ಯೋ’ ಅಂದ್ರೆ ‘ಕಳಿಸಿದ’ ಅಥವಾ ‘ಕಳಿಸಿದಳು’: ಎರಡೇ ತುಂಡು, ತಿಲ್ದೆ ‘ಓ’ ಮೇಲೆ. (ಬರೆಯೋದು ‘ವಿ’, ಹೇಳೋದು ‘ಬ’.) ಗೆರೆ ಒಂದು ಅಕ್ಷರ ಆಚೆ ಸರಿದರೆ ತುಂಡುಗಳ ಲೆಕ್ಕ, ವ್ಯಕ್ತಿ, ಕಾಲ ಎಲ್ಲವೂ ಬದಲು.

ವಾಟ್ಸ್‌ಆ್ಯಪ್‌ನಲ್ಲಿ ತಿಲ್ದೆ ಬಿಟ್ಟು ಟೈಪ್ ಮಾಡಿದರೆ, ದುಡ್ಡು ಕಳಿಸೋರು ಯಾರು, ಈಗಾಗಲೇ ಕಳಿಸಿದ್ದಾರಾ ಅಂತ ಓದೋರು ಊಹಿಸಬೇಕಾಗುತ್ತೆ. ಫೋನ್ ಕೀಬೋರ್ಡ್‌ನಲ್ಲಿ ‘ಓ’ ಕೀ ಒತ್ತಿ ಹಿಡೀರಿ, ತಿಲ್ದೆ ಇರೋ ಅಕ್ಷರ ಸಿಗುತ್ತೆ. ಈಗ ಜೋರಾಗಿ ಹೇಳಿ ನೋಡಿ: ಎಂಬೀಒ, ಎಂಬ್ಯೋ.