ಬಲದ ಪರೀಕ್ಷೆಯೂ ಶರೀರದ ಧರ್ಮವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಗೆ ಬಲೋಪಾಸನೆಯು ಹೊಸದಲ್ಲ. ಭೀಮ-ದುರ್ಯೋಧನರ ಗದಾಯುದ್ಧವನ್ನು ಕಾವ್ಯವಾಗಿಸಿದ ರನ್ನಕವಿಯು ಹುಟ್ಟಿದುದು ಮುಧೋಳದಲ್ಲಿ. ಆಯುಧಗಳನ್ನು ಒಪ್ಪಿಸಿರೆಂಬ ಪರಸರಕಾರದ ಆಜ್ಞೆಗೆ 1857ರಲ್ಲಿ ತಲೆಬಾಗದೆ ಪ್ರಾಣ ತೆತ್ತ ಬೇಡರ ಹಲಗಲಿಯೂ ಅದೇ ಸೀಮೆಯದು. ಇಂದಿಗೂ ಜಾತ್ರೆ ಬಂದಿತೆಂದರೆ ಕುಸ್ತಿಯ ಕಣವು ಸಿದ್ಧವಾಗುತ್ತದೆ. ಸಂಗ್ರಾಣಿಕಲ್ಲನ್ನೆತ್ತುವ ತರುಣನ ಸುತ್ತ ಊರೇ ನೆರೆಯುತ್ತದೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ಸೈಕಲ್ ಪಟುಗಳ ತವರೆಂದು ದೇಶದಲ್ಲೆಲ್ಲ ಹೆಸರಾಗಿವೆ. ಇದೆಲ್ಲವೂ ಅಭಿಮಾನದ ವಿಷಯವೇ ಸರಿ.

ಆದರೆ ಈಗ ಬಲದ ಪರೀಕ್ಷೆಯು ಕಣದಲ್ಲಿ ಮಾತ್ರವೇ ನಡೆಯುವುದಿಲ್ಲ. ಅನ್ನದ ಪ್ರಶ್ನೆಯೂ ಅದರೊಡನೆ ಸೇರಿಕೊಂಡಿದೆ. ಪೋಲೀಸು ಪೇದೆಯಾಗಬಯಸುವ ತರುಣನು 1600 ಮೀಟರುಗಳನ್ನು ಆರೂವರೆ ನಿಮಿಷಗಳೊಳಗೆ ಓಡಿ ಮುಗಿಸಬೇಕು. ಮಗ್ಗದ ಮುಂದೆ ದಿನಗಳೆದ ಬನಹಟ್ಟಿಯ ನೇಕಾರನ ಮಗನೂ ಪುಸ್ತಕದ ಮೇಲೆ ಬಾಗಿ ಕುಳಿತಿದ್ದ ಜಮಖಂಡಿಯ ಪದವೀಧರನೂ ಕರೆ ಬಂದ ಬಳಿಕ ಕೆಲವೇ ದಿನಗಳಲ್ಲಿ ಮೈಯನ್ನು ಹುರಿಗೊಳಿಸಲು ಹೊರಡುತ್ತಾರೆ. ಇದು ಎಂಥ ಗಂಡಾಂತರದ ಕೆಲಸವೆಂಬುದಕ್ಕೆ ಝಾರಖಂಡವೇ ಸಾಕ್ಷಿ. ಅಲ್ಲಿ 2024ರಲ್ಲಿ ಅಬಕಾರಿ ಪೇದೆಗಳ ನೇಮಕಕ್ಕಾಗಿ ಒಂದು ಗಂಟೆಯಲ್ಲಿ 10 ಕಿಲೋಮೀಟರು ಓಡಿಸಿದಾಗ, ಹತ್ತಕ್ಕಿಂತ ಹೆಚ್ಚು ಅಭ್ಯರ್ಥಿಗಳು ಅಸುನೀಗಿದರು. ಆ ಮನೆಗಳ ದುಃಖವು ನಮ್ಮ ಮನೆಗಳಿಗೆ ಬಾರದಿರಬೇಕಾದರೆ, ಅತಿ ತೀವ್ರವಾದ ಶ್ರಮದಲ್ಲಿ ಶರೀರವು ಹೇಗೆ ವರ್ತಿಸುವುದೆಂಬುದನ್ನು ನಾವು ತಿಳಿದಿರಬೇಕು.

ಸ್ವಸ್ಥನಾಗಿ ಕುಳಿತ ಮನುಷ್ಯನ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹರಿಯಿಸುತ್ತದೆ. ಅವನೇ ಸರ್ವಶಕ್ತಿಯಿಂದ ಓಡುವಾಗ ಅದು 20 ಲೀಟರಿಗೂ, ಪಳಗಿದ ಪಟುವಿನಲ್ಲಿ 30 ಲೀಟರಿಗೂ ಏರಬಲ್ಲದು. ವಿಶ್ರಾಂತಿಯಲ್ಲಿ ಸ್ನಾಯುಗಳ ಪಾಲಿಗೆ ಬರುವ ರಕ್ತವು ಐದರಲ್ಲೊಂದು ಅಂಶ ಮಾತ್ರ. ಆಗ ಐದರಲ್ಲಿ ನಾಲ್ಕು ಅಂಶವನ್ನು ಅವೇ ಕೊಳ್ಳುತ್ತವೆ. ಹೊಟ್ಟೆ ಮೊದಲಾದ ಅಂಗಗಳು ತಮ್ಮ ಪಾಲನ್ನು ಬಿಟ್ಟುಕೊಟ್ಟು, ಒಂದು ಕಾರ್ಯಕ್ಕಾಗಿ ಸಮಸ್ತ ದೇಹವೇ ಕಂಕಣ ಕಟ್ಟುತ್ತದೆ.

ಆದರೂ ಮೊದಲ ಕ್ಷಣಗಳಲ್ಲಿ ಈ ಪೂರೈಕೆಯು ಸಾಲದು. ಸ್ನಾಯುವು ತನ್ನಲ್ಲಿ ಕೂಡಿಟ್ಟ ಬಂಡವಾಳದಿಂದಲೇ ದುಡಿಯಬೇಕು, ಅದಾದರೋ ಸುಮಾರು ಹತ್ತು ಸೆಕೆಂಡುಗಳಿಗಷ್ಟೇ ಸಾಕು. ಆ ಮೇಲೆ ಸಕ್ಕರೆಯನ್ನು ಪ್ರಾಣವಾಯುವಿನ ನೆರವಿಲ್ಲದೆಯೇ ಒಡೆದು ಒಂದೆರಡು ನಿಮಿಷ ಸಾಗಿಸುತ್ತದೆ. ಲ್ಯಾಕ್ಟಿಕ್ ಆಮ್ಲವು ಹುಟ್ಟುವುದು ಆಗಲೇ. ಇದರ ಬಗೆಗೆ ಶೋಧ ನಡೆಸಿದ ಇಂಗ್ಲೆಂಡಿನ ಹಿಲ್ ಮತ್ತು ಜರ್ಮನಿಯ ಮೇಯರ್‌ಹಾಫ್ ಇವರಿಗೆ 1922ರ ನೊಬೆಲ್ ಪಾರಿತೋಷಕವು ದೊರೆಯಿತು. ಓಟ ನಿಂತ ಮೇಲೂ ಏದುಸಿರು ನಿಲ್ಲದಿರುವುದು, ಮಾಡಿದ ಸಾಲವನ್ನು ಶರೀರವು ತೀರಿಸುತ್ತಿರುವ ಲಕ್ಷಣವೆಂದು ಹಿಲ್ ಹೇಳಿದನು. ಈ ಆಮ್ಲವು ಕೇವಲ ಕಸವೆಂದು ಬಹುಕಾಲ ಎಣಿಸಿದ್ದರು. ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಉರಿಸುತ್ತವೆಂಬುದು ಈಗ ಸಿದ್ಧವಾಗಿದೆ. ಮರುದಿನದ ಮೈನೋವಿಗೂ ಅದು ಕಾರಣವಲ್ಲ. ಒಂದು ಗಂಟೆಯ ಸುಮಾರಿಗೆ ಅದು ರಕ್ತದಿಂದ ಇಳಿದುಹೋಗುತ್ತದೆ. ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಿಗೆ ಆದ ಸೂಕ್ಷ್ಮ ಗಾಯಗಳೇ ಆ ನೋವಿನ ಮೂಲ.

ಹಾಗಾದರೆ ತೀವ್ರಶ್ರಮವನ್ನು ತ್ಯಜಿಸಬೇಕೆ? ಖಂಡಿತ ಬೇಡ. ಜಪಾನಿನ ತಬಾತ ಎಂಬ ಶಾಸ್ತ್ರಜ್ಞನು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತರುಣರು ನಿಂತ ಸೈಕಲನ್ನು 20 ಸೆಕೆಂಡು ಸರ್ವಶಕ್ತಿಯಿಂದ ತುಳಿದು, 10 ಸೆಕೆಂಡು ವಿರಮಿಸಿ, ಹೀಗೆ ಏಳೆಂಟು ಸಾರೆ ಮಾಡುತ್ತಿದ್ದರು. ಆರು ವಾರಗಳಲ್ಲಿ ಅವರ ದಮ್ಮೂ ಕ್ಷಣಿಕ ಬಲವೂ ಒಟ್ಟಿಗೆ ಹೆಚ್ಚಿದುವು. ಆದರೆ ಅವರು ಮೊದಲೇ ವ್ಯಾಯಾಮದಲ್ಲಿ ಪಳಗಿದವರೆಂಬುದನ್ನು ಮರೆಯಲಾಗದು. ನಮ್ಮ ಗರಡಿಮನೆಯ ವಸ್ತಾದನು ಹೊಸ ಹುಡುಗನನ್ನು ಒಮ್ಮೆಲೇ ದೊಡ್ಡ ಕುಸ್ತಿಗೆ ಬಿಡನು. ಮೊದಲು ಮಣ್ಣು ಅಗೆಯಿಸಿ, ದಂಡ-ಬೈಠಕ್ಕುಗಳನ್ನು ದಿನದಿಂದ ದಿನಕ್ಕೆ ಏರಿಸಿ, ಆ ಮೇಲೆ ಪಟ್ಟುಗಳನ್ನು ಕಲಿಸುವನು. ಪ್ರಯೋಗಶಾಲೆಯು ಹೇಳುವುದೂ ಇದನ್ನೇ: ಶ್ರಮವು ಮೈಯನ್ನು ಕೆಣಕುತ್ತದೆ, ಬಲವು ಬೆಳೆಯುವುದು ವಿಶ್ರಾಂತಿಯಲ್ಲಿ.

ಈ ಕ್ರಮವನ್ನು ಮೀರಿದರೆ ಶಿಕ್ಷೆಯು ತಪ್ಪದು. ಸ್ನಾಯುವು ವ್ಯಯಿಸುವ ಶಕ್ತಿಯಲ್ಲಿ ಕಾಲುಭಾಗದಷ್ಟೇ ಕೆಲಸವಾಗಿ, ಉಳಿದುದೆಲ್ಲ ಕಾವಾಗುತ್ತದೆ. ನಮ್ಮ ಸೀಮೆಯ ಬೇಸಗೆಯಲ್ಲಿ ಆ ಕಾವು ಹೊರಬೀಳದೆ ನೆತ್ತಿಗೇರಿದರೆ, ಓಟಗಾರನು ತಬ್ಬಿಬ್ಬಾಗಿ ಕುಸಿಯುವನು. ಅಂಥವನನ್ನು ಬಂಡಿಗೆ ಹಾಕುವ ಮೊದಲೇ ತಣ್ಣೀರಿನಲ್ಲಿ ಮುಳುಗಿಸಿ ಮೈಯನ್ನು ಆರಿಸಬೇಕು. ತಡವಾದಷ್ಟೂ ಪ್ರಾಣಭಯ ಹೆಚ್ಚು. ಅತಿಶ್ರಮದಿಂದ ಸ್ನಾಯುಗಳೇ ಕರಗಿ, ಮೂತ್ರವು ಕಪ್ಪು ಚಹದ ಬಣ್ಣಕ್ಕೆ ತಿರುಗಿ, ಮೂತ್ರಪಿಂಡಗಳು ಕೆಡುವುದೂ ಉಂಟು. ಜ್ವರವಿದ್ದಾಗ ಓಡಿದರೆ ಹೃದಯಕ್ಕೇ ಕುತ್ತು. ಓಡಿ ಬಂದು ಥಟ್ಟನೆ ನಿಂತರೆ ರಕ್ತವು ಕಾಲುಗಳಲ್ಲಿ ತಂಗಿ ತಲೆಸುತ್ತು ಬರುವುದು. ಆದುದರಿಂದ ಕೆಲಹೊತ್ತು ನಡೆದಾಡಿಯೇ ಕುಳಿತುಕೊಳ್ಳತಕ್ಕದ್ದು.

ಆದುದರಿಂದ ಅಧಿಕಾರಿವರ್ಗಕ್ಕೂ ಜಾತ್ರೆಯ ಪಂಚರಿಗೂ ನಮ್ಮ ವಿನಂತಿಯು ಇಷ್ಟೇ. ಓಟದ ಪರೀಕ್ಷೆಯ ದಿನವನ್ನು ತಿಂಗಳುಗಳ ಮೊದಲೇ ಸಾರಿರಿ. ಅದನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸಿರಿ. ನೆರಳು, ಕುಡಿಯುವ ನೀರು, ತಣ್ಣೀರ ತೊಟ್ಟಿ, ವೈದ್ಯ ಇವಿಲ್ಲದೆ ಪಂದ್ಯವನ್ನು ಆರಂಭಿಸಬೇಡಿರಿ. ಪ್ರತಿ ತಾಲೂಕಿನಲ್ಲಿಯೂ ಗರಡಿಗಳನ್ನು ಊರ್ಜಿತಗೊಳಿಸಿ, ತರುಣರಿಗೆ ವರ್ಷವಿಡೀ ಸಾಧನೆಯ ಅನುಕೂಲವನ್ನು ಒದಗಿಸಿರಿ. ತಾಯಿತಂದೆಗಳಾದರೋ, ಎದೆನೋವೆಂದ ಮಗನನ್ನು ಹೇಡಿಯೆಂದು ಜರೆಯದೆ ವೈದ್ಯರ ಬಳಿಗೆ ಕರೆದೊಯ್ಯಲಿ. ನಾಡಿನ ಸೇವೆಗೆಂದು ಹೊರಟ ತರುಣನು ಆ ಸೇವೆಯ ಹೊಸ್ತಿಲಲ್ಲಿಯೇ ಬಿದ್ದುಹೋಗುವುದು ವೀರಮರಣವಲ್ಲ, ನಮ್ಮೆಲ್ಲರ ಅಲಕ್ಷ್ಯದ ಫಲ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಯೇ ಇದೆ.