ಕೈಗೊಡಲಿಯಿಂದ ಕಡಗಂಚಿಯವರೆಗೆ

ಆದಿಮಾನವ ಅಂದ ಕೂಡಲೇ ನಮಗೆ ನೆನಪಾಗೋದು ಗುಹೆ, ಬೆಂಕಿ, ಮೈಗೆ ಚರ್ಮ ಸುತ್ತಿಕೊಂಡ ಮನುಷ್ಯ. ಅದೂ ಎಲ್ಲೋ ಯುರೋಪಿನಲ್ಲೋ, ಆಫ್ರಿಕಾದಲ್ಲೋ! ವೀಕ್ಷಕರೇ, ಅಷ್ಟು ದೂರ ಹೋಗೋದೇ ಬೇಡ. ಯಾದಗಿರಿ ಜಿಲ್ಲೆಯ ಹುಣಸಗಿ ಸಮೀಪದ ಇಸಾಂಪುರಕ್ಕೆ ಬನ್ನಿ.

ಇಲ್ಲಿ ಸಿಕ್ಕಿದ್ದು ಗುಹೆಯಲ್ಲ, ಕಲ್ಲಿನ ಕಾರ್ಖಾನೆ. ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಉತ್ಖನನ ಮಾಡಿದಾಗ, ಸುಣ್ಣಕಲ್ಲಿನ ಚಪ್ಪಡಿ ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಹೊರಬಂತು. ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ. ಆಗಿನ್ನೂ ನಮ್ಮ ನಿಮ್ಮಂಥ ಮನುಷ್ಯರೇ ಹುಟ್ಟಿರಲಿಲ್ಲ!

ಅದೇ ಸೀಮೆಯ ಬೂದಿಹಾಳಕ್ಕೆ ಬಂದರೆ ನಾಲ್ಕು ಸಾವಿರ ವರ್ಷ ಹಿಂದಿನ ದನಗಾಹಿಗಳ ಊರು. ದೊಡ್ಡಿಯ ಸಗಣಿ ಸುಟ್ಟ ಬೂದಿಯೇ ದಿಬ್ಬವಾಗಿ ನಿಂತಿದೆ. ಇನ್ನೂ ಮುಂದೆ ಬನ್ನಿ, ಕ್ರಿ.ಪೂ. 3ನೇ ಶತಮಾನಕ್ಕೆ. ಭೀಮಾ ದಂಡೆಯ ಸನ್ನತಿಯಲ್ಲಿ ಕಲ್ಲಿನ ಮೇಲೆ ಅಶೋಕನ ಶಾಸನ. ಈಗ ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ; ಅದು ಶುರುವಾದದ್ದು 2009ರಲ್ಲಿ.

ಲೆಕ್ಕ ಹಾಕಿ. ಕಲ್ಲಿನ ಕೊಡಲಿಯಿಂದ ದನದ ದೊಡ್ಡಿಗೆ ಬರೋಕೆ ಹತ್ತು ಲಕ್ಷಕ್ಕೂ ಹೆಚ್ಚು ವರ್ಷ ಬೇಕಾಯ್ತು. ದೊಡ್ಡಿಯಿಂದ ಅಕ್ಷರಕ್ಕೆ ಎರಡು ಸಾವಿರ ವರ್ಷವೂ ಹಿಡಿಯಲಿಲ್ಲ. ವೇಗ ಹೆಚ್ಚಿದ್ದು ಹೇಗೆ? ಅಪ್ಪ ಕಲಿತದ್ದನ್ನು ಮಗ ಮೊದಲಿಂದ ಕಲಿಯಬೇಕಾಗಲಿಲ್ಲ. ಮಾತಿನಲ್ಲಿ ಕೇಳಿದ, ಆಮೇಲೆ ಬರಹದಲ್ಲಿ ಓದಿದ. ಪ್ರಗತಿ ಅಂದರೆ ಇದೇ ಸ್ವಾಮಿ!

ಆದರೆ ಈ ದಾರಿ ಮುಂದಕ್ಕೆ ಮಾತ್ರ ಹೋಗುತ್ತೆ ಅಂದುಕೊಳ್ಳಬೇಡಿ. ಸನ್ನತಿಯ ಶಾಸನದ ಕಥೆ ಕೇಳಿ. ಬ್ರಾಹ್ಮಿ ಲಿಪಿ ಜನರಿಗೆ ಮರೆತುಹೋಯ್ತು. ಓದುವವರೇ ಇಲ್ಲದ ಮೇಲೆ ಚಕ್ರವರ್ತಿಯ ಮಾತೂ ಬರೀ ಚಪ್ಪಡಿ. ಅದನ್ನು ಕೊರೆದು ಕಾಳಿ ವಿಗ್ರಹಕ್ಕೆ ಪೀಠ ಮಾಡಿದರು. 1986ರಲ್ಲಿ ಗುಡಿಯ ಚಾವಣಿ ಕುಸಿದಾಗಲೇ ಅದು ಬೆಳಕಿಗೆ ಬಂದದ್ದು.

ಈಗ ನಮ್ಮ ಕಾಲಕ್ಕೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿವೆ. ಅಪ್ಪ ಅವ್ವನ ಹಿಂದೆ ಮಕ್ಕಳೂ ಹೊರಟರೆ ಶಾಲೆಯ ಹಾಜರಿಯಲ್ಲಿ ಹೆಸರು ಉಳಿಯುತ್ತೆ, ಮಗು ಇರಲ್ಲ. ಕಡಗಂಚಿಯಲ್ಲಿ ವಿಶ್ವವಿದ್ಯಾಲಯ ಇದ್ದರೂ ಆ ಮಗುವಿನ ಪಾಲಿಗೆ ಅಕ್ಷರ ಮತ್ತೆ ಬರೀ ಕಲ್ಲೇ ಅಲ್ವಾ? ಹೆತ್ತವರು ದುಡಿಯೋಕೆ ಹೋದರೂ ಮಗು ಊರಲ್ಲೇ ಉಳಿದು, ಉಂಡು, ಓದುವ ವ್ಯವಸ್ಥೆ ಊರೂರಲ್ಲಿ ಆಗಬೇಕು. 12 ಲಕ್ಷ ವರ್ಷ ನಡೆದು ಬಂದ ದಾರಿಯನ್ನು ಒಂದು ತಲೆಮಾರಿನಲ್ಲಿ ಕಳೆದುಕೊಳ್ಳೋದು ಬೇಡ.